ಥಾನಿನ ಜೊತೆ ಹೆಸರನ್ನೂ ಕಳಿಸಿ

ಮರದ ತಿರುಳಿನಿಂದ ಬಟ್ಟೆಯ ನಾರು ತೆಗೆಯುವ ಕಂಪನಿಗಳ ಆಡಳಿತದವರಿಗೆ, ಹಾಗೂ ರಾಜ್ಯದ ಜವಳಿ ಇಲಾಖೆಯ ಅಧಿಕಾರಿಗಳಿಗೆ,

ಬಳ್ಳಾರಿಯಿಂದ ನಮಸ್ಕಾರ.

ನಾನು ಜೀನ್ಸ್ ಹೊಲಿಸುವಾಕೆ. ಮನೆಯ ಕೆಳಗಿನ ಹಾಲಿನಲ್ಲಿ 11 ಮಷೀನು ಇಟ್ಟುಕೊಂಡಿದ್ದೇನೆ. ನಮ್ಮ ಮಾವನವರ ಕಾಲದಲ್ಲಿ ಅಲ್ಲಿ 2 ಮಷೀನು ಇದ್ದವು, ಅವರ ತಂದೆಯ ಕಾಲದಲ್ಲಿ ಕಾಲಲ್ಲಿ ತುಳಿಯುವ ಒಂದೇ ಮಷೀನು. ಆ ಅಜ್ಜ ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದರಂತೆ. ಬಳ್ಳಾರಿಯ ಬಹಳ ದರ್ಜಿ ಮನೆಗಳ ಕತೆ ಹೀಗೇ ಶುರುವಾಗುತ್ತದೆ: ಮೊದಲು ಸಿಪಾಯಿ ಬಟ್ಟೆ, ಆಮೇಲೆ ಶಾಲೆ ಮಕ್ಕಳ ಚಡ್ಡಿ, ಆಮೇಲೆ ಜೀನ್ಸ್.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಡೆನಿಮ್, ಅಂದರೆ ಜೀನ್ಸಿನ ಬಟ್ಟೆಯ ಥಾನು ಅಹಮದಾಬಾದ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಇಲ್ಲಿ ಒಬ್ಬರು ಕಟಿಂಗ್ ಮಾಡುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಹೊಲಿಗೆ, ಪಕ್ಕದ ಬೀದಿಯಲ್ಲಿ ಕಾಜಾ ಗುಂಡಿ, ಊರ ಹೊರಗೆ ವಾಷಿಂಗು, ಅಲ್ಲಿಂದ ಮತ್ತೆ ಮನೆಮನೆಗೆ ಬಂದು ಹೆಂಗಸರ ಕೈಯಲ್ಲಿ ದಾರ ಕತ್ತರಿಸುವುದು, ಕೊನೆಗೆ ಇಸ್ತ್ರಿ, ಪ್ಯಾಕಿಂಗ್. ಒಂದು ಪ್ಯಾಂಟು ಅಂಗಡಿಗೆ ಹೋಗುವಷ್ಟರಲ್ಲಿ ಹತ್ತಾರು ಕೈ ದಾಟಿರುತ್ತದೆ. ಇಷ್ಟು ಕೈ ದಾಟುವ ಬಟ್ಟೆಗೆ ಅದು ಯಾವ ನೂಲಿನದು ಅನ್ನುವ ಮಾತು ಮಾತ್ರ ಮೊದಲನೇ ಕೈಯಲ್ಲೇ ಕಳೆದುಹೋಗುತ್ತದೆ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆಯೇ.

ಹೋದ ವರ್ಷ ದಸರಾ ಮುಂಚೆ ಒಂದು ಲಾಟು ಹೊಲಿಸಿದೆ. ಹೆಂಗಸರ ಪ್ಯಾಂಟು, 240 ಪೀಸು. ಥಾನು ಕೊಟ್ಟ ವ್ಯಾಪಾರಿ 'ಪೂರಾ ಕಾಟನ್, ಸ್ವಲ್ಪ ಸ್ಟ್ರೆಚ್ ಅಷ್ಟೇ' ಅಂದಿದ್ದರು. ಕೈಗೆ ಬಹಳ ಮೃದುವಾಗಿತ್ತು, ಮೈಮೇಲೆ ಚೆನ್ನಾಗಿ ಇಳಿಬೀಳುತ್ತಿತ್ತು. ಒಳ್ಳೆ ಮಾಲು ಸಿಕ್ಕಿತು ಅಂತ ನಾನೇ ನಾಲ್ಕು ಜನಕ್ಕೆ ಹೇಳಿಕೊಂಡೆ. ಹೊಲಿಗೆ ಮುಗಿದು ವಾಷಿಂಗಿಗೆ ಹೋದ ಮಾರನೇ ದಿನ ಬೆಳಿಗ್ಗೆ ವಾಷಿಂಗ್ ಮಾಸ್ಟರ್ ಫೋನು ಬಂತು.

"ಅಕ್ಕಾ, ಸ್ವಲ್ಪ ಈ ಕಡೆ ಬಂದು ಹೋಗ್ರಿ. ಮಾಲು ಕೆಟ್ಟೈತೆ."

ಹೋಗಿ ನೋಡಿದೆ. ನೆಲದ ಮೇಲೆ ಹಸಿ ಪ್ಯಾಂಟುಗಳ ಗುಡ್ಡೆ. ಒಂದನ್ನು ಎತ್ತಿ ಹಿಡಿದರು. ಮೊಣಕಾಲಿನ ಹತ್ತಿರ ಒಂದು ಗೇಣು ಉದ್ದ ಸೀಳು. ಜೀನ್ಸ್ ಹರಿಯುವುದು ನಮಗೆ ಹೊಸದಲ್ಲ. ಹಳೇ ಜೀನ್ಸ್ ಸವೆದರೆ ಉದ್ದಕ್ಕೆ ಹೋಗುವ ಹಾಸಿನ ನೀಲಿ ಎಳೆ ಹೋಗಿ, ಅಡ್ಡಕ್ಕೆ ಹೋಗುವ ಹೊಕ್ಕಿನ ಬಿಳಿ ಎಳೆ ಉಳಿದಿರುತ್ತದೆ, ಹುಡುಗರು ಅದನ್ನೇ ಫ್ಯಾಷನ್ ಅಂತ ಹಾಕಿಕೊಳ್ಳುತ್ತಾರೆ. ಇಲ್ಲಿ ಉಲ್ಟಾ ಆಗಿತ್ತು. ಬಿಳಿ ಎಳೆ ಪೂರ್ತಿ ಕಡಿದುಹೋಗಿ, ನೀಲಿ ಎಳೆ ಮಾತ್ರ ಉದ್ದುದ್ದಕ್ಕೆ ಮಣಿಪರದೆಯ ದಾರದ ಹಾಗೆ ಜೋತಾಡುತ್ತಿತ್ತು. 30 ವರ್ಷದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ.

"ಇದು ಕಾಟನ್ ಅಲ್ಲಕ್ಕಾ. ಹೊಕ್ಕಿನಾಗೆ ರೇಯಾನ್ ಐತೆ. ಮೊದಲೇ ಹೇಳಿದ್ರೆ ನಾನು ಕಲ್ಲು ಹಾಕ್ತಿದ್ದಿಲ್ಲ."

"ನಂಗೇ ಗೊತ್ತಿದ್ದಿಲ್ಲ ಮಾಸ್ಟ್ರೇ."

ಅವರು ಸುಮ್ಮನಾದರು. ಕಾಟನ್ ಅಂತ ತಿಳಿದು ಅವರು ಬಣ್ಣ ಇಳಿಸಲು ಕಲ್ಲು, ಎಂಜೈಮು ಹಾಕಿ, ಕಾಟನ್‌ಗೆ ಎಷ್ಟು ಹೊತ್ತು ತಿರುಗಿಸಬೇಕೋ ಅಷ್ಟು ತಿರುಗಿಸಿದ್ದರು. ತಪ್ಪು ಅವರದಲ್ಲ. 240ರಲ್ಲಿ 170ಕ್ಕೂ ಹೆಚ್ಚು ಪೀಸು ಹಾಳಾಗಿತ್ತು. ನನ್ನ ಹತ್ತಿರ ದಾರ ಕತ್ತರಿಸಲು ಬರುವ ಆರು ಜನ ಹೆಂಗಸರಿಗೆ ಹಬ್ಬದ ವಾರ ಕೆಲಸ ಇಲ್ಲದೆ ಹೋಯಿತು. ಪೀಸಿನ ಲೆಕ್ಕದ ಮೇಲೆ ದುಡಿಯುವವರಿಗೆ ಪೀಸು ಇಲ್ಲ ಅಂದರೆ ಕೂಲಿ ಇಲ್ಲ. ವ್ಯಾಪಾರಿಯನ್ನು ಕೇಳಿದರೆ 'ಮಿಲ್ಲಿನವರು ಬಿಲ್ಲಿನಲ್ಲಿ ಡೆನಿಮ್ ಅಂತ ಬರೆದಿದ್ದಾರೆ, ನಾನು ಡೆನಿಮ್ ಅಂತ ಕೊಟ್ಟಿದ್ದೇನೆ' ಅಂದರು.

ಅವತ್ತು ಸಂಜೆ ಮನೆಗೆ ಬಂದು ಉಳಿದ ತುಂಡಿನಿಂದ ಒಂದು ನೀಲಿ ಎಳೆ ಕಿತ್ತು ದೀಪಕ್ಕೆ ಹಿಡಿದೆ. ಇದು ನಮ್ಮ ಹಳೇ ಪರೀಕ್ಷೆ. ಪಾಲಿಯೆಸ್ಟರ್ ಆದರೆ ಕರಗಿ ಗುಂಡಿನ ಹಾಗೆ ಗಟ್ಟಿಯಾಗುತ್ತದೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ನೀಲಿ ಎಳೆ ಬೂದಿಯಾಯಿತು. ಬಿಳಿ ಎಳೆಯೂ ಬೂದಿಯಾಯಿತು, ಅದೇ ವಾಸನೆ. ಬೆಂಕಿಗೆ ಎರಡೂ ಒಂದೇ. ಯಾಕೆಂದರೆ ಎರಡೂ ಸೆಲ್ಯುಲೋಸ್, ಅಂದರೆ ಗಿಡಮರದ ನಾರಿನ ವಸ್ತು. ಆಮೇಲೆ ಬಿಳಿ ಎಳೆಯ ನಡುಭಾಗವನ್ನು ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆದೆ. ಒದ್ದೆ ಜಾಗದಲ್ಲೇ ಪಟ್ಟನೆ ಹರಿಯಿತು. ಹಾಗೇ ನೀಲಿ ಎಳೆ ಒದ್ದೆ ಮಾಡಿ ಎಳೆದರೆ ಬೆರಳು ನೋಯುವವರೆಗೂ ಹರಿಯಲಿಲ್ಲ. ಹತ್ತಿ ನೀರು ಕುಡಿದರೆ ಇನ್ನೂ ಗಟ್ಟಿಯಾಗುತ್ತದೆ. ವಿಸ್ಕೋಸ್, ಅಂದರೆ ಮಾಸ್ಟರ್ ಹೇಳಿದ ರೇಯಾನ್, ನೀರು ಕುಡಿದರೆ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಜೀನ್ಸಿಗೆ ಬಣ್ಣ ಇಳಿಸುವ ಎಂಜೈಮು ಸೆಲ್ಯುಲೋಸನ್ನು ತಿನ್ನುವಂಥದ್ದು. ನೀರಲ್ಲಿ ಉಬ್ಬಿ ಸಡಿಲವಾದ ವಿಸ್ಕೋಸ್ ಎಳೆಯ ಒಳಗೆ ಅದು ಹತ್ತಿಗಿಂತ ಬೇಗ ಇಳಿಯುತ್ತದೆ. ಮೇಲೆ ಕಲ್ಲಿನ ಪೆಟ್ಟು ಬೇರೆ. ಬಿಳಿ ಎಳೆ ಯಾಕೆ ಮೊದಲು ಹೋಯಿತು ಅನ್ನುವುದು ನನಗೆ ಅವತ್ತು ಅರ್ಥವಾಯಿತು.

ಅಲ್ಲಿಂದ ಈ ನಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಮಗಳ ಹತ್ತಿರ ಓದಿಸಿ ಕೇಳಿದೆ. ನಮ್ಮ ಬೀದಿಯವರಿಗೂ ತಿಳಿಯಲಿ ಅಂತ ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಮರವನ್ನು ಚೂರು ಮಾಡಿ ಬೇಯಿಸಿ, ಅದರ ಅಂಟನ್ನೆಲ್ಲ ತೆಗೆದು ಬೆಳ್ಳಗೆ ಮಾಡಿದರೆ ರಟ್ಟಿನಂಥ ತಿರುಳಿನ ಹಾಳೆ ಸಿಗುತ್ತದೆ. ವಿಸ್ಕೋಸಿಗೆ ಈ ಹಾಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಪುಡಿ ಮಾಡಿ, ಹದಕ್ಕೆ ಬರಲು ಬಿಟ್ಟು, ಆಮೇಲೆ ಕಾರ್ಬನ್ ಡೈಸಲ್ಫೈಡ್ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದನ್ನು ಮತ್ತೆ ಕಾಸ್ಟಿಕ್ ಸೋಡಾ ನೀರಲ್ಲಿ ಕರಗಿಸಿದರೆ ಜೇನುತುಪ್ಪದ ಹಾಗೆ ಹಳದಿ ಪಾಕವಾಗುತ್ತದೆ. ಆ ಪಾಕವನ್ನು ಸಣ್ಣ ತೂತುಗಳ ಬಿಲ್ಲೆಯಿಂದ ಗಂಧಕಾಮ್ಲದ ತೊಟ್ಟಿಯೊಳಕ್ಕೆ ಒತ್ತುತ್ತಾರೆ, ಶ್ಯಾವಿಗೆ ಒರಳಲ್ಲಿ ಹಿಟ್ಟು ಒತ್ತಿದ ಹಾಗೆ. ಆಮ್ಲ ತಾಗಿದ ಕೂಡಲೇ ಪಾಕ ಮತ್ತೆ ಗಟ್ಟಿಯಾಗಿ ಎಳೆಯಾಗುತ್ತದೆ. ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಅನ್ನುವ ಮೂವರು 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿ ಗ್ರಾಸಿಂ ಕಂಪನಿಯವರು ಮಧ್ಯಪ್ರದೇಶದ ನಾಗ್ದಾದಲ್ಲಿ 1954ರಿಂದ ಮಾಡುತ್ತಿದ್ದಾರೆ. ರೇಯಾನ್ ಅಂತ ನಾವು ಕರೆಯುವುದು ಇದನ್ನೇ.

ಈ ಕಾರ್ಬನ್ ಡೈಸಲ್ಫೈಡ್ ಬಟ್ಟೆ ಹಾಕಿಕೊಂಡವರಿಗೆ ಏನೂ ಮಾಡುವುದಿಲ್ಲ, ಎಳೆಯಾಗುವಾಗಲೇ ಅದು ಬಿಟ್ಟುಹೋಗಿರುತ್ತದೆ. ಅದನ್ನು ಉಸಿರಾಡಿದ ಕೆಲಸಗಾರನ ನರ ಕೆಡುತ್ತದೆ, ಹೃದಯ ಕೆಡುತ್ತದೆ, ಮನಸ್ಸು ಕೆಡುತ್ತದೆ. ದಕ್ಷಿಣ ಕೊರಿಯಾದ ವೊಂಜಿನ್ ರೇಯಾನ್ ಕಾರ್ಖಾನೆಯಲ್ಲಿ ನೂರಾರು ಜನ ಹೀಗೆ ಕಾಯಿಲೆಬಿದ್ದರು, 1993ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಸಾಲುಗಳನ್ನು ಮಗಳು ಓದುತ್ತಿದ್ದಾಗ ನನಗೆ ನಮ್ಮ ವಾಷಿಂಗಿನ ಹುಡುಗರು ನೆನಪಾದರು. ಅವರೂ ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಬರಿಗೈಯಲ್ಲಿ ಎತ್ತಿ ಹೊಯ್ಯುತ್ತಾರೆ. ಒಬ್ಬನ ಉಗುರು ಕಂದುಬಣ್ಣಕ್ಕೆ ತಿರುಗಿ ಹಾಗೇ ನಿಂತಿದೆ. ಮೆಹಂದಿ ಏನೋ ಅಂದುಕೊಂಡಿದ್ದೆ, ಕೇಳಿದಾಗ ಜೀನ್ಸ್ ಮೇಲೆ ಬಿಳಿ ಮಚ್ಚೆ ತರಿಸಲು ಸ್ಪ್ರೇ ಮಾಡುವ ಪರ್ಮಾಂಗನೇಟ್ ಅಂದ.

ಮರದ ತಿರುಳಿನಿಂದಲೇ ತೆಗೆಯುವ ಇನ್ನೊಂದು ನಾರು ಲಯೋಸೆಲ್, ಅದರ ದಾರಿ ಬೇರೆ. ಅಲ್ಲಿ ಕಾರ್ಬನ್ ಡೈಸಲ್ಫೈಡ್ ಇಲ್ಲ. ತಿರುಳನ್ನು ಅಮೀನ್ ಆಕ್ಸೈಡ್ ಜಾತಿಯ ಒಂದು ದ್ರಾವಕದಲ್ಲಿ ನೇರವಾಗಿ ಕರಗಿಸಿ ಎಳೆ ತೆಗೆಯುತ್ತಾರೆ, ದ್ರಾವಕದ ನೂರಕ್ಕೆ 99 ಪಾಲಿಗಿಂತ ಹೆಚ್ಚನ್ನು ಹಿಡಿದು ಮತ್ತೆ ಬಳಸುತ್ತೇವೆ ಅಂತ ನೀವು ಹೇಳುತ್ತೀರಿ. ಆಸ್ಟ್ರಿಯಾದ ಲೆನ್ಜಿಂಗ್ ಕಂಪನಿ ಟೆನ್ಸೆಲ್ ಲಯೋಸೆಲ್ ಅನ್ನುವ ಹೆಸರಲ್ಲಿ ಮಾರುವುದು ಇದನ್ನೇ. 2022ರಲ್ಲಿ ಥಾಯ್ಲೆಂಡಿನಲ್ಲಿ ವರ್ಷಕ್ಕೆ 1 ಲಕ್ಷ ಟನ್ ತೆಗೆಯುವ ಘಟಕ ಶುರು ಮಾಡಿದೆ. ಲಯೋಸೆಲ್ ಒದ್ದೆಯಾದರೂ ವಿಸ್ಕೋಸಿನಷ್ಟು ಬಲ ಕಳೆದುಕೊಳ್ಳುವುದಿಲ್ಲ. ಆದರೆ ನೀರಲ್ಲಿ ಉಜ್ಜಿದರೆ ಮೈಮೇಲೆ ಸಣ್ಣ ಜುಂಗು ಏಳುತ್ತದೆ, ಅದನ್ನು ಎಂಜೈಮಿನಿಂದ ತೆಗೆಯಬೇಕು. ಅಂದರೆ ವಿಸ್ಕೋಸಿಗೆ ಯಾವುದು ಹೆಚ್ಚಾದರೆ ಕೇಡೋ ಅದು ಲಯೋಸೆಲ್‌ಗೆ ಹದವಾಗಿ ಬೇಕೇ ಬೇಕು. ಹತ್ತಿಯದು ಮೂರನೇ ಲೆಕ್ಕ. ಮೂರಕ್ಕೂ ವಾಷಿಂಗ್ ಮಾಸ್ಟರ್ ಬೇರೆ ಬೇರೆ ಹದ ಇಡಬೇಕು. ಮೂರೂ ಅವರ ಡ್ರಮ್ಮಿನ ಮುಂದೆ ಬಂದು ಬಿದ್ದಾಗ ಒಂದೇ ಥರ ಕಾಣುತ್ತವೆ. ಹೆಸರು ಹೇಳದೆ ಅವರು ಹೇಗೆ ಕೆಲಸ ಮಾಡಬೇಕು, ನೀವೇ ಹೇಳಿ.

ಇಷ್ಟು ಕೆಲಸದ ಮಾತಾಯಿತು. ಇನ್ನೊಂದು ಇದೆ. ನಾವು ತುಂಗಭದ್ರೆಯ ಕೆಳಗಿನವರು.

ಬಳ್ಳಾರಿಯ ನಲ್ಲಿಗೆ ಬರುವುದು ಆ ನದಿಯ ನೀರು, ಕಾಲುವೆಯಲ್ಲಿ ಬಂದು ಅಲ್ಲೀಪುರದ ಕೆರೆಯಲ್ಲಿ ನಿಂತು ನಮ್ಮ ಮನೆಗೆ ಬರುತ್ತದೆ. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರಿನ ಗದ್ದೆಗೂ ಅದೇ ನೀರು. ಅದೇ ನದಿಯ ಮೇಲ್ಗಡೆ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, ಮರದ ತಿರುಳು ಮತ್ತು ನಾರು ಮಾಡುವ ಕಾರ್ಖಾನೆ 1970ರ ದಶಕದಿಂದ ಇದೆ. ಅಲ್ಲಿನ ನೀರು ಮತ್ತು ಮರ ಎರಡರ ಮೇಲೂ 1980ರ ದಶಕದಲ್ಲಿ ಜನ ದೊಡ್ಡ ಹೋರಾಟ ಮಾಡಿದರು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಅದೇ ಕಾರ್ಖಾನೆಯ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ ಸಂಸ್ಥೆ ಮಾಡಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಜಮೀನಿನಲ್ಲಿ ನೀಲಗಿರಿಯಂಥ ತಿರುಳಿನ ಮರ ಬೆಳೆಸಲು ಹೊರಟಾಗ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಊರವರು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಅದನ್ನು ಇವತ್ತಿಗೂ ನೆನೆಯುತ್ತಾರೆ. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಮುಂದಾಳತ್ವ ವಹಿಸಿದರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಜೊತೆಯಾದರು. 1991ರಲ್ಲಿ ಸರ್ಕಾರ ಆ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತು.

ಹಳೇ ಜಗಳ ಕೆದಕಲು ಇದನ್ನು ಬರೆದಿಲ್ಲ. ಆ ಊರಿನವರು ಕೇಳಿದ ಪ್ರಶ್ನೆ ನಾನು ಈಗ ಕೇಳುತ್ತಿರುವುದರ ಅಣ್ಣ ಅನ್ನಿಸಿತು, ಅದಕ್ಕೆ ಬರೆದೆ. ದನ ಮೇಯಿಸುತ್ತಿದ್ದ ಗೋಮಾಳದಲ್ಲಿ ಎದ್ದ ಮರ ಯಾರ ಬಟ್ಟೆಯಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಮಷೀನಿನ ಸೂಜಿ ಕೆಳಗೆ ಬಂದ ಬಟ್ಟೆ ಯಾರ ಜಮೀನಿನ ಮರ ಅಂತ ನನಗೂ ಯಾರೂ ಹೇಳುವುದಿಲ್ಲ. ಬ್ರೆಜಿಲ್‌ನ ನೀಲಗಿರಿಯೋ, ಯುರೋಪಿನ ಬೀಚ್ ಮರವೋ, ಇಂಡೋನೇಷ್ಯಾದ ಕಾಡೋ. ಪ್ರಮಾಣಪತ್ರ ಇದೆ ಅನ್ನುತ್ತೀರಿ. ಇರಬಹುದು. ಅದು ನೂಲಿನ ಮಿಲ್ಲಿನ ತನಕ ಬರುತ್ತದೆ, ಬಹಳ ಆದರೆ ನೇಯುವ ಮಿಲ್ಲಿನ ತನಕ. ಬಳ್ಳಾರಿಯ ಬೀದಿಗೆ ಬರುವುದು ಥಾನು ಮಾತ್ರ.

ಹತ್ತಿಯೇ ಒಳ್ಳೆಯದು, ಮರದ ನಾರು ಕೆಟ್ಟದ್ದು ಅಂತ ನಾನು ವಾದ ಮಾಡುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ನನ್ನ ತಂಗಿಯನ್ನು ಮಾನ್ವಿ ತಾಲ್ಲೂಕಿನ ಹಳ್ಳಿಗೆ ಕೊಟ್ಟಿದೆ. ಅವರದು ಆರು ಎಕರೆ ಹತ್ತಿ. ಗುಲಾಬಿ ಕಾಯಿಕೊರಕ ಬಿದ್ದ ವರ್ಷ ಅವಳ ಗಂಡ ಬೆನ್ನಿಗೆ ಪಂಪು ಕಟ್ಟಿಕೊಂಡು ಎಷ್ಟು ಸಲ ಔಷಧಿ ಹೊಡೆದರೋ ಲೆಕ್ಕ ಇಟ್ಟವರಿಲ್ಲ. ಸಂಜೆ ಬಂದು ಬಾವಿಕಟ್ಟೆ ಹತ್ತಿರ ವಾಂತಿ ಮಾಡಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ರಾಯಚೂರು ಮಾರುಕಟ್ಟೆಗೆ ಚೀಲ ಹೊತ್ತು ಹೋದ ದಿನ ರೇಟು ಏನಿರುತ್ತೋ ಅದೇ ಅವರ ವರ್ಷದ ಹಣೆಬರಹ. ಮಳೆ ನೀರಲ್ಲೇ ಬೆಳೆಯುವ ಮರಕ್ಕೆ ಇಷ್ಟು ಔಷಧಿ ಬೇಡ, ಇಷ್ಟು ನೀರು ಹಾಯಿಸುವುದು ಬೇಡ ಅಂತ ನೀವು ಹೇಳುವಾಗ ಅದರಲ್ಲಿ ಸತ್ಯ ಇದೆ ಅಂತ ಒಪ್ಪುತ್ತೇನೆ.

ನಮ್ಮ ಬೇಸಿಗೆ ಗೊತ್ತಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿಯ ಗೋಡೆ ಮುಟ್ಟಿದರೆ ರಾತ್ರಿಯೂ ಸುಡುತ್ತದೆ. ಕರೆಂಟು ಹೋದ ಮಧ್ಯಾಹ್ನ ಹೊಲಿಗೆಯ ಹೆಂಗಸರು ಹಾಕಿಕೊಂಡಿರುವುದು ರೇಯಾನ್ ನೈಟಿ, ರೇಯಾನ್ ಕುರ್ತಾ. ಪಾಲಿಯೆಸ್ಟರ್ ಮೈಗೆ ಅಂಟುತ್ತದೆ, ಒಳ್ಳೆ ಕಾಟನ್ ಅವರ ಕೈಗೆಟುಕುವುದಿಲ್ಲ. ರೇಯಾನ್ ಹತ್ತಿಗಿಂತಲೂ ಚೆನ್ನಾಗಿ ಬೆವರು ಹೀರುತ್ತದೆ, ತಣ್ಣಗಿರುತ್ತದೆ, ಹೂವಿನ ಬಣ್ಣ ಚೆನ್ನಾಗಿ ಕೂರುತ್ತದೆ. ನಿಮ್ಮ ನಾರು ಬಡ ಹೆಂಗಸರ ಮೈಗೆ ಒಂದಿಷ್ಟು ಸುಖ ಕೊಟ್ಟಿದೆ. ನಾನೂ ಮನೆಯಲ್ಲಿ ಅದನ್ನೇ ಉಡುವವಳು.

ಆದರೆ ಅದೇ ನೈಟಿಯನ್ನು ಅಂಗಡಿಯಲ್ಲಿ ಹೇಗೆ ಮಾರುತ್ತಾರೆ ನೋಡಿ. ಮೊನ್ನೆ ನಮ್ಮ ಹುಡುಗಿಯೊಬ್ಬಳ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ.

"ಅಣ್ಣಾ, ಇದು ಕಾಟನ್ನಾ?"

"ಕಾಟನ್ ಇದ್ದಂಗೇ ನೋಡಮ್ಮ."

ಪಕ್ಕದ ಕಪಾಟಿನಲ್ಲಿ ಅದೇ ಥರದ್ದಕ್ಕೆ ಬಿದಿರು ಕಾಟನ್ ಅಂತ ಚೀಟಿ ಅಂಟಿಸಿ 200 ರೂಪಾಯಿ ಜಾಸ್ತಿ ಹೇಳಿದರು. ಆ ಹುಡುಗಿಯ ಎರಡು ಮೂರು ಗಂಟೆಯ ದುಡಿಮೆ ಅದು. ಹೀಗೆ ಮೃದುವಾಗಿ ಬರುವ ಬಿದಿರಿನ ಬಟ್ಟೆಯಲ್ಲಿ ಹೆಚ್ಚಿನದು ಬಿದಿರನ್ನು ತಿರುಳು ಮಾಡಿ ತೆಗೆದ ವಿಸ್ಕೋಸೇ. ಅಮೆರಿಕದಲ್ಲಿ ರೇಯಾನ್ ಬಟ್ಟೆಯನ್ನು ಬಿದಿರು ಅಂತ ಮಾರಿದವರ ಮೇಲೆ ಅಲ್ಲಿನ ವ್ಯಾಪಾರ ಆಯೋಗ 2009ರಲ್ಲೇ ಕ್ರಮಕ್ಕೆ ಇಳಿಯಿತು. 2022ರಲ್ಲಿ ಎರಡು ದೊಡ್ಡ ಅಂಗಡಿ ಸರಣಿಗಳು ಇದೇ ತಪ್ಪಿಗೆ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು. ಬಳ್ಳಾರಿಯ ನೈಟಿ ಕೊಳ್ಳುವ ಹುಡುಗಿಗೂ ಅಷ್ಟೇ ಹಕ್ಕು ಬೇಡವೇ?

ಕಂಪನಿಯವರೇ, ನಿಮ್ಮಿಂದ ಆಗದ್ದನ್ನು ನಾನು ಕೇಳುತ್ತಿಲ್ಲ. ಲೆನ್ಜಿಂಗ್‌ನವರು ತಮ್ಮ ಇಕೊವೆರೊ ವಿಸ್ಕೋಸನ್ನು ತಯಾರಾದ ಬಟ್ಟೆಯಲ್ಲೂ ಗುರುತು ಹಿಡಿಯಬಲ್ಲೆವು ಅನ್ನುತ್ತಾರೆ. ಗ್ರಾಸಿಂನವರದೇ ಆದ ಬಿರ್ಲಾ ಸೆಲ್ಯುಲೋಸ್‌ನವರು ತಮ್ಮ ಲಿವಾಇಕೊ ನಾರಿನೊಳಗೇ ಗುರುತಿನ ಅಣು ಸೇರಿಸಿದ್ದೇವೆ ಅನ್ನುತ್ತಾರೆ. ನೂಲಾಗಿ, ನೇಯ್ದು, ಬಣ್ಣ ಹಾಕಿದ ಮೇಲೂ ಇದು ನಮ್ಮದು ಅಂತ ನೀವು ಹೇಳಬಲ್ಲಿರಿ. ಬೇರೆಯವರು ನಿಮ್ಮ ಹೆಸರು ಕದಿಯದ ಹಾಗೆ ಕಾಯಲು ಅಷ್ಟು ಬುದ್ಧಿ, ಅಷ್ಟು ದುಡ್ಡು ಖರ್ಚು ಮಾಡಿದ್ದೀರಿ. ಅದರಲ್ಲಿ ಒಂದು ಪಾಲು ಕೆಳಗಿನವರಿಗೆ ಆ ಹೆಸರು ಮುಟ್ಟಿಸಲು ಖರ್ಚು ಮಾಡಿ ಅಂತ ಕೇಳುತ್ತಿದ್ದೇನೆ.

ಹೇಗೆ ಅಂದರೆ, ನಿಮ್ಮ ನಾರು ಕೊಳ್ಳುವ ಮಿಲ್ಲಿಗೆ ಒಂದು ಷರತ್ತು ಹಾಕಿ: ಪ್ರತಿ ಥಾನಿನ ಜೊತೆ ಒಂದು ಚೀಟಿ ಬರಬೇಕು. ಹಾಸಿನಲ್ಲಿ ಯಾವ ನೂಲು, ಹೊಕ್ಕಿನಲ್ಲಿ ಯಾವ ನೂಲು, ಎಷ್ಟೆಷ್ಟು ಪಾಲು. ಹಾಸು ಹೊಕ್ಕು ಬೇರೆ ಬೇರೆ ಬರೆಯುವುದು ಮುಖ್ಯ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಒಟ್ಟು ಪಾಲು ಮಾತ್ರ ಬರೆದರೆ ವಾಷಿಂಗಿನವರಿಗೆ ಅರ್ಧ ಮಾತು ಮಾತ್ರ ತಿಳಿಯುತ್ತದೆ. ಮರ ಯಾವುದು, ಯಾವ ದೇಶದ್ದು. ವಿಸ್ಕೋಸೋ, ಅದರದೇ ಇನ್ನೊಂದು ಜಾತಿಯಾದ ಮೋಡಲೋ, ಲಯೋಸೆಲ್ಲೋ. ಒಗೆಯುವಾಗ ಕಲ್ಲು ಹಾಕಬಹುದೇ, ಎಂಜೈಮು ಎಷ್ಟು ಹೊತ್ತು. ಈ ಚೀಟಿ ಕನ್ನಡದಲ್ಲಿರಲಿ. ನಮ್ಮ ವಾಷಿಂಗಿನಲ್ಲಿ ಉರ್ದು, ತೆಲುಗು, ಮರಾಠಿ ಮನೆಮಾತಿನವರು ಇದ್ದಾರೆ, ಅವರೆಲ್ಲರೂ ಕನ್ನಡ ಮಾತಾಡುತ್ತಾರೆ, ಅದರಲ್ಲಿ ಹೆಚ್ಚಿನವರು ಓದುತ್ತಾರೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವವರು ನಮ್ಮ ಬೀದಿಯಲ್ಲಿ ಕೈಬೆರಳೆಣಿಕೆಯಷ್ಟು. ನಿಮ್ಮ ಬ್ರಾಂಡಿನ ಟ್ಯಾಗ್ ಬೇಕು ಅಂದರೆ ಬಟ್ಟೆಯ ತುಂಡು ಪರೀಕ್ಷೆಗೆ ಕಳಿಸಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅರ್ಜಿ ತುಂಬಬೇಕು. 11 ಮಷೀನಿನವಳು ಅದನ್ನು ಮಾಡಲಾರಳು. ಟ್ಯಾಗ್ ದೊಡ್ಡ ಬ್ರಾಂಡಿನವರಿಗೇ ಇರಲಿ. ಹೆಸರಿನ ಚೀಟಿ ಎಲ್ಲರಿಗೂ ಬರಲಿ.

ಇಲಾಖೆಯ ಅಧಿಕಾರಿಗಳಿಗೆ ನನ್ನ ಬಿನ್ನಹ ಬೇರೆ. ಬಟ್ಟೆಯ ಮೇಲೆ ನೂಲಿನ ವಿವರ ಅಚ್ಚುಹಾಕಬೇಕು ಅನ್ನುವ ಕೇಂದ್ರದ ಗ್ರಾಹಕ ರಕ್ಷಣೆಯ ನಿಯಮ 1988ರಲ್ಲೇ ಬಂದಿದೆ. ಥಾನಿನ ತುದಿಯಲ್ಲಿ ಒಂದು ಕಡೆ ಇದ್ದ ಅಚ್ಚು, ಥಾನನ್ನು ತುಂಡು ಮಾಡಿ ಮಾರುವಾಗ ಮೊದಲ ತುಂಡಿನ ಜೊತೆ ಹೋಗಿಬಿಡುತ್ತದೆ. ನಮ್ಮಂಥವರು ಕೊಳ್ಳುವುದು ಯಾವಾಗಲೂ ತುಂಡು ಮಾಲು. ಅದಕ್ಕೆ ವ್ಯಾಪಾರಿಯ ಬಿಲ್ಲಿನಲ್ಲೇ ನೂಲಿನ ಪಾಲು ಬರೆಯುವಂತೆ ಆಗಬೇಕು. ಬಿಲ್ಲಿನಲ್ಲಿ ಬರೆದಿದ್ದರೆ ನನ್ನ ಹಾಳಾದ ಪೀಸುಗಳ ನಷ್ಟ ಯಾರದು ಅಂತ ಕೇಳಲು ನನಗೊಂದು ಕಾಗದ ಇರುತ್ತಿತ್ತು.

ಎರಡನೆಯದು, ಒಂದು ಪರೀಕ್ಷೆಯ ಮೇಜು. 2023ರ ಚುನಾವಣೆ ಹೊತ್ತಿಗೆ ಬಳ್ಳಾರಿಗೆ ಜೀನ್ಸ್ ಪಾರ್ಕ್ ತರುವ ಮಾತು ಜೋರಾಗಿ ಕೇಳಿಬಂತು. ಪಾರ್ಕ್ ಬರಲಿ, ಶೆಡ್ಡು ಬರಲಿ, ನೀರು ಶುದ್ಧ ಮಾಡುವ ಘಟಕ ಎಲ್ಲಕ್ಕಿಂತ ಮೊದಲು ಬರಲಿ. ಅದಕ್ಕೆಲ್ಲ ಕೋಟಿಗಟ್ಟಲೆ ಬೇಕು, ವರ್ಷಗಟ್ಟಲೆ ಕಾಯಬೇಕು. ನಾನು ಕೇಳುತ್ತಿರುವ ಮೇಜಿಗೆ ಒಂದು ಕೋಣೆ ಸಾಕು. ಒಂದು ಸೂಕ್ಷ್ಮದರ್ಶಕ, ಒಂದಿಷ್ಟು ರಾಸಾಯನಿಕ, ತರಬೇತಿ ಪಡೆದ ಒಬ್ಬ ಹುಡುಗ ಅಥವಾ ಹುಡುಗಿ. ಸೂಕ್ಷ್ಮದರ್ಶಕದ ಕೆಳಗೆ ಹತ್ತಿಯ ಎಳೆ ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ, ವಿಸ್ಕೋಸ್ ಎಳೆ ಉದ್ದಕ್ಕೂ ಗೆರೆ ಬಿದ್ದ ಕಡ್ಡಿಯ ಹಾಗೆ. ಮಗಳ ಕಾಲೇಜಿನಲ್ಲಿ ನೋಡಲು ಬಿಟ್ಟರು, ನಾನೇ ನೋಡಿದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಐಟಿಐ ಓದಿದ ನಮ್ಮ ಹುಡುಗಿಯರು ವಾರದಲ್ಲಿ ಕಲಿಯುತ್ತಾರೆ. ಕಟಿಂಗಿಗೆ ಮೊದಲು ಒಂದು ತುಂಡು ಒಯ್ದು ಕೊಟ್ಟು, ಸಂಜೆಗೆ ಉತ್ತರ ಸಿಕ್ಕರೆ ಸಾಕು. 50 ರೂಪಾಯಿ ಫೀಸು ಕೊಡಲು ನಾವೆಲ್ಲ ತಯಾರಿದ್ದೇವೆ.

ಹಾಗೇ ವಾಷಿಂಗಿನ ಡಬ್ಬಿಗಳ ಮೇಲೂ ಕನ್ನಡದಲ್ಲಿ ಹೆಸರು, ಮುಟ್ಟಬಾರದ್ದಕ್ಕೆ ಗುರುತು. ಕೈಗವಸು. ಇದನ್ನು ಪ್ರತ್ಯೇಕ ಪತ್ರದಲ್ಲಿ ಬರೆಯಬೇಕು ಅಂದುಕೊಂಡಿದ್ದೆ, ಆ ಹುಡುಗನ ಉಗುರು ನೆನಪಾಗಿ ಇಲ್ಲೇ ಬರೆದುಬಿಟ್ಟೆ.

ಬಳ್ಳಾರಿಯ ನನ್ನ ಜೊತೆಯವರಿಗೂ ಒಂದು ಮಾತು. ನಾವೂ ನೂಲಿನ ಹೆಸರು ಕೇಳುವುದನ್ನು ಬಿಟ್ಟಿದ್ದೇವೆ. ಮೀಟರಿಗೆ ಎಷ್ಟು ಅಂತ ಕೇಳುತ್ತೇವೆ, ಉಧಾರಿ ಎಷ್ಟು ದಿನ ಅಂತ ಕೇಳುತ್ತೇವೆ. ಇನ್ನು ಮೇಲೆ ಥಾನು ಬಿಚ್ಚಿದ ಕೂಡಲೇ ಹಾಸಿನದೊಂದು, ಹೊಕ್ಕಿನದೊಂದು ಎಳೆ ಕಿತ್ತು, ಉಗುಳು ಹಚ್ಚಿ ಎಳೆದು ನೋಡಿ. ಅದಕ್ಕೆ ದುಡ್ಡು ಬೇಡ. ಅನುಮಾನ ಬಂದರೆ ವಾಷಿಂಗಿಗೆ ಕಳಿಸುವಾಗ ಚೀಟಿ ಬರೆದು ಪಿನ್ ಮಾಡಿ. ಈಗ ನಾನು ಹಾಗೇ ಮಾಡುತ್ತಿದ್ದೇನೆ. ಮಾಸ್ಟರ್ ಮೊದಲ ಸಲ ಆ ಚೀಟಿ ನೋಡಿ ನಕ್ಕರು, ಎರಡನೇ ಸಲ ತಾವೇ ಕೇಳಿದರು: "ಚೀಟಿ ಎಲ್ಲಕ್ಕಾ?"

ಹಾಳಾದ ಪ್ಯಾಂಟುಗಳಲ್ಲಿ ಬಹಳಷ್ಟನ್ನು ಬಿಚ್ಚಿ ಚೀಲ ಹೊಲಿಸಿದೆ. 9 ಪೀಸು ಮಾತ್ರ ಹಾಗೇ ಇಟ್ಟಿದ್ದೇನೆ, ಸೀಳು ಬಿದ್ದ ಕಡೆಗೆ ಕೆಂಪು ದಾರ ಕಟ್ಟಿ. ಹೊಕ್ಕಿನಲ್ಲಿರುವುದು ಯಾರ ನಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅದಕ್ಕೇ ಈ ಪತ್ರದಲ್ಲಿ ಆ ನಷ್ಟವನ್ನು ಯಾರ ತಲೆಗೂ ಕಟ್ಟಿಲ್ಲ. ನಿಮ್ಮ ನಾರಿನಲ್ಲಿ ನಿಮ್ಮ ಗುರುತು ಇರುತ್ತದೆ ಅನ್ನುತ್ತೀರಲ್ಲ, ಎಲ್ಲಿಗೆ ಕಳಿಸಬೇಕು ಅಂತ ತಿಳಿಸಿ. ಅಂಚೆ ಖರ್ಚು ನಾನೇ ಹಾಕಿಕೊಂಡು, ಕಂಪನಿಗೊಂದೊಂದು ಪ್ಯಾಂಟು ಕಳಿಸುತ್ತೇನೆ. ನೋಡಿ, ಇದು ನಮ್ಮದು ಅಂತಲೋ ನಮ್ಮದಲ್ಲ ಅಂತಲೋ ಒಂದು ಸಾಲು ಬರೆದು ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಜೀನ್ಸ್ ಹೊಲಿಸುವ ಒಬ್ಬ ಹೆಣ್ಣುಮಗಳು,
ಬಳ್ಳಾರಿ